ಜಿಗಣೆ ಗಾಯದಿಂದ ಶುರುವಾದ ಒಂದು ಫೈಲು

ಜುಲೈ ಮೂರನೇ ವಾರ. ಕೊಡಗಿನ ಸುಂಟಿಕೊಪ್ಪ ಕಡೆ ಮಳೆ ಬಿಟ್ಟೂ ಬಿಡದೆ ಹೊಯ್ಯುತ್ತಿತ್ತು. ಕಾಫಿ ತೋಟವೊಂದರ ರೈಟರ್, ಅಂದರೆ ಲೆಕ್ಕ-ಹಾಜರಿ ನೋಡಿಕೊಳ್ಳುವವರು, 47 ವರ್ಷದವರು, ಹೆಂಡತಿ ಜೊತೆ ನನ್ನ ಕ್ಲಿನಿಕ್ಕಿಗೆ ಬಂದರು. ಬಲಗಾಲಲ್ಲಿ, ಪಾದದ ಗಂಟಿನಿಂದ ನಾಲ್ಕು ಬೆರಳು ಮೇಲೆ ಒಂದು ಗಾಯ. ಜಿಗಣೆ ಕಚ್ಚಿದ್ದು.

ಜಿಗಣೆ ಕಚ್ಚುವುದು ನಮ್ಮಲ್ಲಿ ಸುದ್ದಿಯೇ ಅಲ್ಲ. ಮಳೆಗಾಲದಲ್ಲಿ ತೋಟಕ್ಕೆ ಇಳಿದವರ ಕಾಲಲ್ಲಿ ದಿನಕ್ಕೆ ನಾಲ್ಕಾದರೂ ಇರುತ್ತವೆ. ಉಪ್ಪೋ ಸುಣ್ಣವೋ ಹಚ್ಚಿ ಕಿತ್ತು ಬಿಸಾಡಿ ಮುಂದೆ ಹೋಗುತ್ತಾರೆ. ಸ್ವಲ್ಪ ದಿನ ತುರಿಸಿ ತಾನೇ ಮಾಯುತ್ತದೆ. ಇವರದ್ದು ಐದು ವಾರವಾದರೂ ಮಾಯಲಿಲ್ಲ. ಒಂದು ರೂಪಾಯಿ ನಾಣ್ಯದಷ್ಟು ಅಗಲ, ಅಂಚು ಕೆಂಪು, ನಡುವೆ ಕೀವು. ಸಾಕ್ಸ್ ತೆಗೆದಾಗ ಅದರ ಪಟ್ಟಿ ಕೂತಿದ್ದ ಜಾಗ ಕಾಲಿನ ಸುತ್ತ ಕೊರೆದ ಹಾಗೆ ಕಾಣುತ್ತಿತ್ತು. ಬೆರಳಲ್ಲಿ ಒತ್ತಿದರೆ ಗುಳಿ ಬೀಳುತ್ತಿತ್ತು.

ಗಾಯ ತೊಳೆದು ಪಟ್ಟಿ ಕಟ್ಟಿ ಬಿಪಿ ನೋಡಿದೆ. 148/94. ಹತ್ತು ನಿಮಿಷ ಕೂರಿಸಿ ಮತ್ತೆ ನೋಡಿದೆ. 146/92. ತೂಕ 76 ಕಿಲೋ, ಎತ್ತರ 166 ಸೆಂಟಿಮೀಟರ್. ಟೇಪ್ ತೆಗೆದಾಗ ಅವರು, "ಅದೆಲ್ಲ ಬೇಡ ಡಾಕ್ಟ್ರೇ, ನನ್ನ ಸೊಂಟ 34. ಹತ್ತು ವರ್ಷದಿಂದ ಅದೇ ಸೈಜ್ ಪ್ಯಾಂಟ್" ಅಂದರು.

ಪ್ಯಾಂಟ್ 34 ಇಂಚು ಅನ್ನುವುದು ನಿಜವೇ. ಆದರೆ ಅದನ್ನು ಕಟ್ಟುತ್ತಿದ್ದದ್ದು ಹೊಟ್ಟೆಯ ಕೆಳಗೆ. ಹತ್ತು ವರ್ಷದಲ್ಲಿ ಪ್ಯಾಂಟ್ ಕೆಳಗೆ ಜಾರಿತ್ತು, ಹೊಟ್ಟೆ ಅದರ ಮೇಲೆ ಬೆಳೆದಿತ್ತು. ಅಂಗಿ ಎತ್ತಿಸಿ, ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುಮಧ್ಯಕ್ಕೆ ಟೇಪ್ ಹಿಡಿದು, ಉಸಿರು ಬಿಟ್ಟಾಗ ಓದಿದೆ. 102 ಸೆಂಟಿಮೀಟರ್. ಇಂಚಿನಲ್ಲಿ 40. ಹೆಂಡತಿ ಬಗ್ಗಿ ಟೇಪನ್ನು ತಾವೇ ಇನ್ನೊಮ್ಮೆ ಓದಿ ಸುಮ್ಮನಾದರು.

ಅವರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಇಂಥವರು ನಮ್ಮ ಜಿಲ್ಲೆಯ ತೋಟ, ಬ್ಯಾಂಕು, ಅಂಗಡಿ ಎಲ್ಲ ಕಡೆ ಇದ್ದಾರೆ. ಎದೆ ನೋವು ಬಂದ ಮೇಲೆ ಮೈಸೂರಿಗೆ ಓಡುತ್ತಾರೆ. ಅದಕ್ಕೆ ಹತ್ತು ಹದಿನೈದು ವರ್ಷ ಮೊದಲೇ ಅವರ ರಕ್ತನಾಳ ಕೆಡಲು ಶುರುವಾಗಿರುತ್ತದೆ. ಅದನ್ನು ಮೊದಲು ಹೇಳುವುದು ಇಸಿಜಿ ಅಲ್ಲ, ದರ್ಜಿಯ ಟೇಪ್. ಈ ಮಾತು ಎಲ್ಲರಿಗೂ ತಲುಪಬೇಕು ಅಂತ ನನಗೆ ತುಂಬ ಆಸೆ.

ಪರೀಕ್ಷೆಯಲ್ಲಿ ಸಿಕ್ಕಿದ್ದು

ಎರಡು ವರ್ಷದ ಹಿಂದೆ ಒಂದು ಉಚಿತ ಶಿಬಿರದಲ್ಲಿ ಇವರಿಗೆ ತಪಾಸಣೆ ಆಗಿತ್ತು. ಆ ಚೀಟಿಯನ್ನು ಜೋಪಾನವಾಗಿ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡಿದ್ದರು. ಇಸಿಜಿ ಸರಿ, ಕೊಲೆಸ್ಟ್ರಾಲ್ 196, ಎತ್ತರಕ್ಕೆ ತೂಕ ಎಷ್ಟು ಅಂತ ಹೇಳುವ ಬಿಎಂಐ 27. ಕೆಳಗೆ "ಸ್ವಲ್ಪ ತೂಕ ಜಾಸ್ತಿ, ಉಳಿದದ್ದು ನಾರ್ಮಲ್" ಅಂತ ಬರೆದಿತ್ತು. ಸೊಂಟ ಅಳೆದಿರಲಿಲ್ಲ. ಆ "ನಾರ್ಮಲ್" ಅನ್ನುವ ಒಂದು ಪದದ ಧೈರ್ಯದಲ್ಲಿ ಇವರು ಎರಡು ವರ್ಷ ಕಳೆದಿದ್ದರು.

ತಪ್ಪು ಎಲ್ಲಿದೆ? ಬಿಎಂಐ 30 ದಾಟಿದರೆ ಬೊಜ್ಜು ಅನ್ನುವ ಲೆಕ್ಕ ಹೊರದೇಶದ್ದು. ಭಾರತದವರಿಗೆ ಆ ಗೆರೆ ತಡವಾಯಿತು. ನಮ್ಮ ತಜ್ಞರು 2009ರಲ್ಲೇ ಬೇರೆ ಗೆರೆ ಹಾಕಿದ್ದಾರೆ: 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಬೊಜ್ಜು. ಸೊಂಟ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದು. ನಮ್ಮವರ ಮೈಯಲ್ಲಿ ಮಾಂಸ ಕಡಿಮೆ, ಕೊಬ್ಬು ಜಾಸ್ತಿ. ಅದೂ ಹೊಟ್ಟೆಯೊಳಗೆ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಡಾ. ಜಾನ್ ಯುಡ್ಕಿನ್ ಇದನ್ನು 2004ರಲ್ಲಿ ತಮ್ಮ ಮೈಮೇಲೆಯೇ ತೋರಿಸಿದರು. ಇಬ್ಬರ ಬಿಎಂಐ ಒಂದೇ, 22.3. ಆದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ಮೈಯಲ್ಲಿ ಶೇ. 21.2. ಇಬ್ಬರೂ ತೆಳ್ಳಗೆ ಕಾಣುವವರೇ. ಈ ಒಂದು ಉದಾಹರಣೆ ಹೇಳಿದರೆ ನನ್ನ ರೋಗಿಗಳಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಐಸಿಎಂಆರ್-ಇಂಡಿಯಾಬ್ ಸಮೀಕ್ಷೆಯ 2023ರ ವರದಿ ನೋಡಿ. ದೇಶದ ವಯಸ್ಕರಲ್ಲಿ ಬಿಎಂಐ ಲೆಕ್ಕದ ಬೊಜ್ಜು ಶೇ. 28.6. ಹೊಟ್ಟೆಯ ಬೊಜ್ಜು ಶೇ. 39.5. ತಕ್ಕಡಿ ಮಾತ್ರ ನಂಬಿದರೆ ಎಷ್ಟು ಜನ ಕೈತಪ್ಪಿ ಹೋಗುತ್ತಾರೆ ಅಂತ ಇದರಿಂದಲೇ ಗೊತ್ತಾಗುತ್ತದೆ, ಅಲ್ವಾ?

ರೈಟರ್ ಅವರ ರಕ್ತ ಪರೀಕ್ಷೆ ಹೀಗಿತ್ತು. ಬೆಳಗ್ಗೆ ಬರಿಹೊಟ್ಟೆಯ ಸಕ್ಕರೆ 112, ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 6.1. ಸಕ್ಕರೆ ಕಾಯಿಲೆ ಅನ್ನುವಂತಿಲ್ಲ, ಹೊಸ್ತಿಲ ಮೇಲಿದ್ದಾರೆ. ಒಟ್ಟು ಕೊಲೆಸ್ಟ್ರಾಲ್ 200, ಕೆಟ್ಟ ಕೊಲೆಸ್ಟ್ರಾಲ್ ಅನ್ನುವ ಎಲ್‌ಡಿಎಲ್ 118. ಇವೆರಡನ್ನೇ ನೋಡಿದರೆ ಯಾರೂ ಗಾಬರಿಯಾಗುವುದಿಲ್ಲ. ಆದರೆ ರಕ್ತದಲ್ಲಿ ಓಡಾಡುವ ಕೊಬ್ಬಾದ ಟ್ರೈಗ್ಲಿಸರೈಡ್ 238, ಒಳ್ಳೆಯ ಕೊಲೆಸ್ಟ್ರಾಲ್ ಅನ್ನುವ ಎಚ್‌ಡಿಎಲ್ ಬರೀ 34. ಲಿವರಿಗೆ ಪೆಟ್ಟು ಬಿದ್ದರೆ ಏರುವ ಎಸ್‌ಜಿಪಿಟಿ 58. ಸ್ಕ್ಯಾನಿಂಗ್‌ನಲ್ಲಿ ಲಿವರಿಗೆ ಕೊಬ್ಬು ಕೂತಿರುವುದು ಕಂಡಿತು. ಸೊಂಟ, ಬಿಪಿ, ಸಕ್ಕರೆ, ಟ್ರೈಗ್ಲಿಸರೈಡ್, ಎಚ್‌ಡಿಎಲ್, ಈ ಐದರಲ್ಲಿ ಮೂರು ಕೆಟ್ಟಿದ್ದರೆ ಮೆಟಬಾಲಿಕ್ ಸಿಂಡ್ರೋಮ್ ಅನ್ನುತ್ತೇವೆ. ಇವರಿಗೆ ಐದಕ್ಕೆ ಐದೂ ಕೆಟ್ಟಿತ್ತು.

ಇಲ್ಲಿ ನನ್ನದೊಂದು ತಪ್ಪನ್ನೂ ಹೇಳಬೇಕು. ಮೈಯಲ್ಲಿ ಉರಿಯೂತ ಎಷ್ಟಿದೆ ಅಂತ ತಿಳಿಯಲು ಹೈ-ಸೆನ್ಸಿಟಿವಿಟಿ ಸಿಆರ್‌ಪಿ ಅನ್ನುವ ಪರೀಕ್ಷೆ ಇದೆ. 1ಕ್ಕಿಂತ ಕಡಿಮೆ ಇದ್ದರೆ ಒಳ್ಳೆಯದು, 1ರಿಂದ 3 ಮಧ್ಯಮ, 3 ದಾಟಿದರೆ ಹೃದಯ-ರಕ್ತನಾಳಕ್ಕೆ ಅಪಾಯ ಜಾಸ್ತಿ. ಮೊದಲ ದಿನವೇ ಅದನ್ನೂ ಬರೆದುಕೊಟ್ಟೆ. 16 ಬಂತು. ಕಾಲಲ್ಲಿ ಕೀವು ತುಂಬಿದ ಗಾಯ ಇಟ್ಟುಕೊಂಡು ಈ ಪರೀಕ್ಷೆ ಮಾಡಿಸಿದ್ದು ನನ್ನ ಆತುರ. 10 ದಾಟಿದರೆ ಮೈಯಲ್ಲಿ ಎಲ್ಲೋ ಸೋಂಕಿದೆ ಅಂತ ತಿಳಿದು, ಅದು ವಾಸಿಯಾದ ಮೇಲೆ ಮತ್ತೆ ನೋಡಬೇಕು. ಅವರ ದುಡ್ಡೂ ದಂಡವಾಯಿತು. ಗಾಯ ಪೂರ್ತಿ ಮಾಯಲು ಇನ್ನೂ ಮೂರು ವಾರ ಹಿಡಿಯಿತು. ಆಮೇಲೆ ಎರಡು ವಾರದ ಅಂತರದಲ್ಲಿ ಎರಡು ಸಲ ಮಾಡಿಸಿದೆವು. ಒಂದು ಸಲ 5.4, ಇನ್ನೊಂದು ಸಲ 4.9. ಗಾಯ ಇಲ್ಲ, ಜ್ವರ ಇಲ್ಲ, ಹಲ್ಲು ನೋವಿಲ್ಲ, ಬೀಡಿ ಸಿಗರೇಟಿನ ಅಭ್ಯಾಸವೂ ಇಲ್ಲ. ಆದರೂ ಸಿಆರ್‌ಪಿ 5ರ ಆಸುಪಾಸಿನಿಂದ ಇಳಿಯಲಿಲ್ಲ.

ಮೂತ್ರ ಪರೀಕ್ಷೆಯೂ ತಡವಾಯಿತು. ಕಾರಣ ಮದ್ದು ಸೊಪ್ಪು. ಆಗಸ್ಟ್ ಮೊದಲ ವಾರ ಇವರು ಮೂತ್ರದ ಸ್ಯಾಂಪಲ್ ಕೊಡಲು ಬಂದಾಗ ಅದು ಕೆಂಪಗಿತ್ತು. ಹೆಂಡತಿಗೆ ಎದೆ ಧಸಕ್ಕೆಂದಿತ್ತು. "ನಿನ್ನೆ ಆಟಿ ಹದಿನೆಂಟು ಅಲ್ವಾ? ಪಾಯಸ ಮಾಡಿದ್ರಾ?" ಅಂತ ಕೇಳಿದೆ. ಮಾಡಿದ್ದರು. ಆಟಿ ತಿಂಗಳ ಹದಿನೆಂಟನೇ ದಿನ ಮದ್ದು ಸೊಪ್ಪಿನ ಪಾಯಸ ತಿನ್ನುತ್ತಾರೆ, ತಿಂದರೆ ಮೂತ್ರ ಕೆಂಪಾಗುತ್ತದೆ. ಕೊಡಗಿನಲ್ಲಿ ಹುಟ್ಟಿ ಬೆಳೆದವರಿಗೆ ಇದು ಗೊತ್ತಿರುವ ವಿಷಯವೇ. ಆದರೂ ರೋಗದ ಭಯ ಹೊಕ್ಕಾಗ ಗೊತ್ತಿದ್ದದ್ದೂ ಮರೆತುಹೋಗುತ್ತದೆ. ವಾರ ಬಿಟ್ಟು ಮತ್ತೆ ಸ್ಯಾಂಪಲ್ ತೆಗೆದುಕೊಂಡೆ. ಆಲ್ಬುಮಿನ್ ಅನ್ನುವ ಪ್ರೋಟೀನ್ ಮೂತ್ರಕ್ಕೆ ಎಷ್ಟು ಸೋರುತ್ತಿದೆ ಅಂತ ಹೇಳುವ ಆಲ್ಬುಮಿನ್-ಕ್ರಿಯಾಟಿನಿನ್ ಲೆಕ್ಕ 46 ಬಂತು. 30ರ ಒಳಗಿರಬೇಕಿತ್ತು.

ನನಗೆ ಎಲ್ಲಕ್ಕಿಂತ ಜಾಸ್ತಿ ಕಳವಳವಾದದ್ದು ಈ 46 ನೋಡಿ. ಯಾಕೆ ಅಂತ ಮುಂದೆ ಬರೆಯುತ್ತೇನೆ.

ಬೂದಿ ಮುಚ್ಚಿದ ಕೆಂಡ

ಉರಿಯೂತ ಅನ್ನುವ ಪದದಲ್ಲೇ ಉರಿಯೂ ಇದೆ, ಊತವೂ ಇದೆ. ಜಿಗಣೆ ಗಾಯದಲ್ಲಿ ಎರಡೂ ಕಣ್ಣಿಗೆ ಕಾಣುತ್ತಿತ್ತು. ಕೆಂಪು, ಬಿಸಿ, ಬಾವು. ಅದು ಬೇಕಾದ ಉರಿಯೂತ. ಬಿಳಿ ರಕ್ತಕಣಗಳು ಬಂದು, ಕ್ರಿಮಿಗಳನ್ನು ಕೊಂದು, ಕೆಲಸ ಮುಗಿಸಿ ವಾಪಸ್ ಹೋಗುತ್ತವೆ. ಹೊಟ್ಟೆಯ ಕೊಬ್ಬಿನಲ್ಲಿ ನಡೆಯುವುದು ಬೇರೆ ಥರ. ನೋವಿಲ್ಲ, ಕೆಂಪಿಲ್ಲ, ಜ್ವರ ಇಲ್ಲ. ಬೂದಿ ಮುಚ್ಚಿದ ಕೆಂಡದ ಹಾಗೆ ವರ್ಷಗಟ್ಟಲೆ ಇರುತ್ತದೆ.

ಕೊಬ್ಬು ಅಂದರೆ ಮೂಟೆ ಕಟ್ಟಿಟ್ಟ ದಾಸ್ತಾನು ಅಂತ ನಾವು ಬಹಳ ಕಾಲ ಅಂದುಕೊಂಡಿದ್ದೆವು. ಗೋಡೌನಿನ ಮೂಟೆ ತಾನಾಗಿ ಏನೂ ಮಾಡುವುದಿಲ್ಲ. ಕೊಬ್ಬಿನ ಕೋಶ ಹಾಗಲ್ಲ, ಅದು ಹಗಲೂ ರಾತ್ರಿ ಕೆಲಸ ಮಾಡುತ್ತದೆ, ರಕ್ತಕ್ಕೆ ಸಂದೇಶ ಬಿಡುತ್ತದೆ. ಬೊಜ್ಜಿನ ಇಲಿಗಳ ಕೊಬ್ಬಿನಲ್ಲಿ ಟಿಎನ್ಎಫ್-ಆಲ್ಫಾ ಅನ್ನುವ ಉರಿಯೂತದ ರಾಸಾಯನಿಕ ಹುಟ್ಟುತ್ತಿದೆ ಅಂತ 1993ರಲ್ಲಿ ಅಮೆರಿಕದ ಸಂಶೋಧಕರು ಕಂಡುಕೊಂಡರು. ಹಸಿವು ತಣಿದಿದೆ ಅಂತ ಮಿದುಳಿಗೆ ಹೇಳುವ ಲೆಪ್ಟಿನ್ ಹಾರ್ಮೋನು ಕೊಬ್ಬಿನಿಂದಲೇ ಬರುತ್ತದೆ ಅಂತ 1994ರಲ್ಲಿ ಗೊತ್ತಾಯಿತು. 2003ರಲ್ಲಿ ಇನ್ನೊಂದು ಅಚ್ಚರಿ: ಬೊಜ್ಜಿನವರ ಕೊಬ್ಬಿನೊಳಗೆ ಮ್ಯಾಕ್ರೋಫೇಜ್ ಅನ್ನುವ ರಕ್ಷಣಾ ಕೋಶಗಳು ಬಂದು ಬೀಡುಬಿಟ್ಟಿರುತ್ತವೆ.

ಅವು ಯಾಕೆ ಬರುತ್ತವೆ? ತಿಂದದ್ದು ಖರ್ಚಾಗದೆ ಉಳಿದಾಗ ಕೊಬ್ಬಿನ ಕೋಶ ಉಬ್ಬುತ್ತಾ ಹೋಗುತ್ತದೆ. ಒಂದು ಮಟ್ಟ ದಾಟಿದ ಮೇಲೆ ಅದಕ್ಕೆ ಸಾಕಷ್ಟು ಆಮ್ಲಜನಕ ತಲುಪುವುದಿಲ್ಲ. ಕೆಲವು ಕೋಶಗಳು ಸಾಯುತ್ತವೆ. ಸತ್ತ ಕೋಶದ ಸುತ್ತ ಮ್ಯಾಕ್ರೋಫೇಜ್‌ಗಳು ಸಾಲಾಗಿ ಕೂರುತ್ತವೆ. ಸೂಕ್ಷ್ಮದರ್ಶಕದಲ್ಲಿ ಅದು ಕಿರೀಟ ಇಟ್ಟ ಹಾಗೆ ಕಾಣುತ್ತದೆ. ಅಲ್ಲಿಂದ ಟಿಎನ್ಎಫ್-ಆಲ್ಫಾ, ಇಂಟರ್‌ಲ್ಯೂಕಿನ್-6 ಹೊರಟು ರಕ್ತ ಸೇರುತ್ತವೆ. ಇಂಟರ್‌ಲ್ಯೂಕಿನ್-6 ಲಿವರಿಗೆ ಹೋಗಿ ಸಿಆರ್‌ಪಿ ಮಾಡಿಸುತ್ತದೆ. ರೈಟರ್ ಅವರ 5.4 ಬಂದದ್ದು ಬಹುಮಟ್ಟಿಗೆ ಈ ದಾರಿಯಲ್ಲಿ. ಇನ್ನೊಂದು ನಷ್ಟವೂ ಇದೆ. ಉರಿಯೂತ ತಗ್ಗಿಸಿ ನಾಳವನ್ನು ಕಾಯುವ ಅಡಿಪೊನೆಕ್ಟಿನ್ ಕೂಡ ಕೊಬ್ಬಿನಿಂದಲೇ ಬರಬೇಕು. ಬೊಜ್ಜು ಏರಿದಂತೆ ಅದು ಇಳಿಯುತ್ತದೆ.

ತೊಡೆಯ, ಚರ್ಮದ ಕೆಳಗಿನ ಕೊಬ್ಬು ಇಷ್ಟು ಉಪದ್ರ ಕೊಡುವುದಿಲ್ಲ. ಕರುಳಿನ ಸುತ್ತ ಕೂರುವ ಕೊಬ್ಬಿನದ್ದೇ ತೊಂದರೆ. ಅದರ ರಕ್ತ ಮೊದಲು ನೇರ ಲಿವರಿಗೆ ಹರಿಯುತ್ತದೆ. ಅದಕ್ಕೇ ಇವರ ಲಿವರ್ ಮೊದಲು ಕೆಟ್ಟದ್ದು.

ನಾಳದ ಒಳಪದರ

"ಅಂದ್ರೆ ಸ್ಪ್ರಿಂಕ್ಲರ್ ಪೈಪಿಗೆ ಪಾಚಿ ಕಟ್ಟಿದ ಹಾಗೆ, ಅಲ್ವಾ ಡಾಕ್ಟ್ರೇ?" ಅಂತ ಕೇಳಿದರು. ಫೆಬ್ರವರಿ-ಮಾರ್ಚ್‌ನಲ್ಲಿ ಕಾಫಿ ಹೂವಿಗೆ ನೀರು ಕೊಡುವ ಪೈಪುಗಳ ಜೊತೆ ವರ್ಷಾ ವರ್ಷ ಹೆಣಗುವವರು ಅವರು. ಎಲ್ಲರೂ ಹೀಗೇ ಕೇಳುತ್ತಾರೆ. ಆದರೆ ಪೈಪಿನ ಹೋಲಿಕೆ ಅರ್ಧ ಮಾತ್ರ ಸರಿ. ಪೈಪಿಗೆ ಜೀವ ಇಲ್ಲ. ರಕ್ತನಾಳಕ್ಕೆ ಇದೆ.

ಕಾಫಿ ಬೀಜದ ಪಾರ್ಚ್‌ಮೆಂಟ್ ಸುಲಿದ ಮೇಲೂ ಅದಕ್ಕೆ ತೆಳ್ಳನೆಯ ಬೆಳ್ಳಿ ಪೊರೆ ಅಂಟಿಕೊಂಡಿರುತ್ತದೆ, ಉಗುರಿಗೂ ಸರಿಯಾಗಿ ಸಿಗುವುದಿಲ್ಲ. ರಕ್ತನಾಳದ ಒಳಗೂ ಅಂಥ ಒಂದು ಪದರ ಇದೆ, ಎಂಡೋಥೀಲಿಯಂ ಅಂತ ಹೆಸರು. ಅದು ಬೆಳ್ಳಿ ಪೊರೆಗಿಂತಲೂ ಎಷ್ಟೋ ತೆಳು. ಒಂದೇ ಒಂದು ಕೋಶದಷ್ಟು ದಪ್ಪ. ಈ ಪದರ ಏನು ಮಾಡುತ್ತದೆ ಅಂತ 1980ರವರೆಗೂ ಸರಿಯಾಗಿ ಗೊತ್ತಿರಲಿಲ್ಲ. ಅಮೆರಿಕದ ರಾಬರ್ಟ್ ಫರ್ಚ್‌ಗಾಟ್ ಮೊಲದ ರಕ್ತನಾಳದ ತುಂಡುಗಳ ಮೇಲೆ ಪ್ರಯೋಗ ಮಾಡುತ್ತಿದ್ದರು. ಒಳಪದರ ಉಳಿದಿದ್ದ ತುಂಡು ಔಷಧಿ ಹಾಕಿದಾಗ ಸಡಿಲವಾಗುತ್ತಿತ್ತು. ಪದರ ಉಜ್ಜಿಹೋಗಿದ್ದ ತುಂಡು ಸಡಿಲವಾಗುತ್ತಲೇ ಇರಲಿಲ್ಲ. ಆ ಪದರ ನೈಟ್ರಿಕ್ ಆಕ್ಸೈಡ್ ಅನ್ನುವ ಅನಿಲವನ್ನು ಬಿಡುತ್ತದೆ, ಅದರಿಂದಲೇ ನಾಳ ಹಿಗ್ಗುತ್ತದೆ ಅಂತ ಮುಂದೆ ಗೊತ್ತಾಯಿತು. ಫರ್ಚ್‌ಗಾಟ್, ಇಗ್ನಾರೋ, ಮುರಾದ್ ಮೂವರಿಗೂ ಇದಕ್ಕಾಗಿ 1998ರಲ್ಲಿ ನೊಬೆಲ್ ಬಂತು.

ಕೊಬ್ಬಿನ ಕೆಂಡ ಸುಡುವುದು ಈ ಪದರವನ್ನು. ಉರಿಯೂತದ ರಾಸಾಯನಿಕಗಳಿಂದ ನೈಟ್ರಿಕ್ ಆಕ್ಸೈಡ್ ಹುಟ್ಟುವುದು ಕಡಿಮೆಯಾಗುತ್ತದೆ, ಹುಟ್ಟಿದ್ದೂ ಬೇಗ ಹಾಳಾಗುತ್ತದೆ. ಇನ್ಸುಲಿನ್ ಮಾತು ಕೇಳದ ಮೈಯಲ್ಲಿ ಇದು ಇನ್ನೂ ಜೋರು, ಯಾಕೆಂದರೆ ಇನ್ಸುಲಿನ್ ಕೂಡ ಆ ಪದರದಿಂದ ನೈಟ್ರಿಕ್ ಆಕ್ಸೈಡ್ ಬಿಡಿಸುತ್ತದೆ. ನಾಳ ಸಲೀಸಾಗಿ ಹಿಗ್ಗುವುದಿಲ್ಲ. ಬಿಪಿ ಏರಲು ಇದೂ ಒಂದು ಕಾರಣ. ನುಣುಪಾಗಿದ್ದ ಪದರ ಅಂಟಂಟಾಗುತ್ತದೆ. ಹರಿದು ಹೋಗಬೇಕಿದ್ದ ಬಿಳಿ ರಕ್ತಕಣಗಳು ಅಲ್ಲಿ ಅಂಟಿ ಒಳಗೆ ನುಸುಳುತ್ತವೆ. ಎಲ್‌ಡಿಎಲ್ ಕೂಡ ಗೋಡೆಯೊಳಗೆ ಸೇರುತ್ತದೆ. ಟ್ರೈಗ್ಲಿಸರೈಡ್ ಜಾಸ್ತಿ ಇರುವವರಲ್ಲಿ ಎಲ್‌ಡಿಎಲ್ ಕಣ ಸಣ್ಣದು, ಬೇಗ ನುಗ್ಗುತ್ತದೆ. ಅದಕ್ಕೇ ಇವರ 118 ನನಗೆ ಸಮಾಧಾನ ಕೊಡಲಿಲ್ಲ. ಒಳಗೆ ಹೋದ ರಕ್ತಕಣಗಳು ಆ ಕೊಬ್ಬು ನುಂಗಿ ಉಬ್ಬಿ, ಅಲ್ಲೇ ಗಡ್ಡೆ ಕಟ್ಟುತ್ತವೆ. ಹೀಗೆ ಗೋಡೆಯ ಒಳಗೆ ಬೆಳೆದ ಗಡ್ಡೆ ಒಂದು ದಿನ ಒಡೆದು ರಕ್ತ ಹೆಪ್ಪುಗಟ್ಟಿದರೆ ಹೃದಯಾಘಾತ. ಮಿದುಳಿನಲ್ಲಾದರೆ ಲಕ್ವ. ಇವರ ತಂದೆಗೆ 61ರಲ್ಲಿ ಲಕ್ವ ಹೊಡೆದಿತ್ತು.

ಈಗ ಆ 46ಕ್ಕೆ ಬರೋಣ. ಮೂತ್ರಪಿಂಡದಲ್ಲಿ ಲಕ್ಷಾಂತರ ಸಣ್ಣ ರಕ್ತನಾಳದ ಗೊಂಚಲುಗಳಿವೆ. ಒಳಪದರ ಗಟ್ಟಿ ಇದ್ದರೆ ಆಲ್ಬುಮಿನ್ ಮೂತ್ರಕ್ಕೆ ಸೋರುವುದಿಲ್ಲ. ಸೋರುತ್ತಿದೆ ಅಂದರೆ ಆ ಪದರ ಅಲ್ಲಿ ಬಿರುಕು ಬಿಟ್ಟಿದೆ. ಅಲ್ಲಿ ಬಿಟ್ಟಿದ್ದರೆ ಹೃದಯದಲ್ಲಿ, ಕಣ್ಣಿನಲ್ಲಿ, ಕಾಲಿನಲ್ಲಿ ಬಿಟ್ಟಿರುವುದಿಲ್ಲವೇ? ತಾಲೂಕಿನ ಕ್ಲಿನಿಕ್ಕಿನಲ್ಲಿ ಕೂತು ರಕ್ತನಾಳದ ಒಳಗಡೆ ಇಣುಕಲು ನನಗೆ ಸಿಗುವ ಅಗ್ಗದ ಕಿಟಕಿ ಇದು.

ಇದನ್ನೆಲ್ಲ ಕೇಳಿ ರೈಟರ್ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಹಾಗಾದ್ರೆ ಇದು ಬೋರರ್ ಬಿದ್ದ ಗಿಡ."

ಅರೇಬಿಕಾ ಬೆಳೆದವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಬಿಳಿ ಕಾಂಡಕೊರಕದ ಹುಳು ಕಾಂಡದೊಳಗೆ ತಿನ್ನುತ್ತಾ ಇರುತ್ತದೆ, ಮೇಲೆ ಎಲೆ ಹಸಿರಾಗಿಯೇ ಇರುತ್ತದೆ. ಎಲೆ ಹಳದಿ ಆದಾಗ ಹುಳು ಬಹಳ ಒಳಗೆ ಹೋಗಿರುತ್ತದೆ. ಅದಕ್ಕೇ ತೊಗಟೆಯ ಮೇಲೆ ಏಣು ಎದ್ದಿದೆಯಾ ಅಂತ ಗಿಡ ಗಿಡವನ್ನೂ ಮುಟ್ಟಿ ನೋಡುತ್ತಾರೆ. ನನ್ನ ಪೈಪು, ಪದರ, ಕಿಟಕಿಗಳಿಗಿಂತ ಅವರ ಈ ಮಾತು ಮೇಲು. ಅಂದಿನಿಂದ ನಾನು ಇದನ್ನೇ ಬಳಸುತ್ತಿದ್ದೇನೆ.

ಒಂದು ಪ್ರಶ್ನೆ ಉಳಿಯುತ್ತದೆ. ಉರಿಯೂತ ನಿಜವಾಗಿ ಕಾರಣವೋ, ಸುಮ್ನೆ ಜೊತೆಗೆ ಕಾಣಿಸುವ ಹೊಗೆಯೋ? 2017ರಲ್ಲಿ ಕ್ಯಾಂಟೋಸ್ ಅನ್ನುವ ದೊಡ್ಡ ಪ್ರಯೋಗದ ಫಲಿತಾಂಶ ಬಂತು. ಒಮ್ಮೆ ಹೃದಯಾಘಾತವಾದ, ಸಿಆರ್‌ಪಿ 2ಕ್ಕಿಂತ ಕಡಿಮೆ ಇರದ 10 ಸಾವಿರಕ್ಕೂ ಹೆಚ್ಚು ಜನರನ್ನು ಅದರಲ್ಲಿ ಸೇರಿಸಿದ್ದರು. ಕೊಟ್ಟ ಔಷಧಿ ಕೊಲೆಸ್ಟ್ರಾಲ್ ಮುಟ್ಟಲಿಲ್ಲ, ಉರಿಯೂತ ಮಾತ್ರ ಇಳಿಸಿತು. ಹೃದಯಾಘಾತ, ಲಕ್ವ, ಹೃದಯದ ಸಾವು ಸೇರಿ ಸುಮಾರು ಶೇ. 15 ಇಳಿಯಿತು. ಉರಿಯೂತಕ್ಕೂ ಇದರಲ್ಲಿ ಕೈಯಿದೆ ಅಂತ ಖಚಿತವಾಯಿತು. ಆದರೆ ಆ ಔಷಧಿಯಿಂದ ಪ್ರಾಣ ತೆಗೆಯುವ ಸೋಂಕು ಜಾಸ್ತಿಯಾದ್ದರಿಂದ ಎಲ್ಲರಿಗೂ ಕೊಡುವಂತಿಲ್ಲ. ಸಿಆರ್‌ಪಿ ಮಾತ್ರ ಹೊಗೆಯೇ. ಅದನ್ನು ಇಳಿಸುವ ಮಾತ್ರೆ ಕೇಳಿಕೊಂಡು ಬರಬೇಡಿ. ಕೆಂಡ ಆರಿದರೆ ಹೊಗೆ ತಾನೇ ನಿಲ್ಲುತ್ತದೆ.

ಪಂದಿಕರಿ ಮೇಲಿನ ದೂರು

ಮನೆಯವರ ತೀರ್ಪು ಮೊದಲೇ ಆಗಿಹೋಗಿತ್ತು. "ಎಲ್ಲ ಪಂದಿಯಿಂದ," ಅಂದರೆ ಹಂದಿ ಮಾಂಸದಿಂದ. ನಾನು ಒಪ್ಪಲಿಲ್ಲ, ಲೆಕ್ಕ ಬರೆಯಿರಿ ಅಂದೆ. ರೈಟರಿಗೆ ಲೆಕ್ಕ ಕಷ್ಟವೇ? ಹಾಜರಿ ಪುಸ್ತಕದ ಹಾಗೆ ಗೆರೆ ಎಳೆದು ಎರಡು ವಾರ ತಿಂದದ್ದು ಕುಡಿದದ್ದು ಎಲ್ಲ ಬರೆದು ತಂದರು. ಪಂದಿಕರಿ ಭಾನುವಾರ ಮಾತ್ರ ಇತ್ತು. ದಿನಕ್ಕೆ ಆರು ಲೋಟ ಬೆಲ್ಲದ ಕಾಫಿ, ಟೀ ಇತ್ತು. ಲೋಟಕ್ಕೆ ಎರಡು ಚಮಚದ ಹಾಗೆ 12 ಚಮಚ, ಅಂದರೆ 50 ಗ್ರಾಂ ದಾಟಿತು. ಹಾಕಿಕೊಳ್ಳುವ ಸಕ್ಕರೆ ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. "ಬೆಲ್ಲ ಅಲ್ವಾ ಡಾಕ್ಟ್ರೇ, ಸಕ್ಕರೆ ಅಲ್ಲವಲ್ಲ" ಅಂದರು. ರಕ್ತಕ್ಕೆ ಇಳಿದ ಮೇಲೆ ಎರಡೂ ಒಂದೇ.

ಪಟ್ಟಣಕ್ಕೆ ಹೋದಾಗಲೆಲ್ಲ ಬೇಕರಿಯ ಪಫ್ಸ್. ಸಂಜೆ ಎರಡು ಪೆಗ್ ರಮ್, ಜೊತೆಗೆ ಕರಿದದ್ದು. ರಾತ್ರಿ ಹತ್ತಕ್ಕೆ ಮೂರು ಸೌಟು ಅನ್ನ, ಕೂಡಲೇ ನಿದ್ದೆ. ಗೊರಕೆ ಎಷ್ಟಂದರೆ ಹೆಂಡತಿ ಬೇರೆ ಕೋಣೆಗೆ ಹೋಗಿ ಮೂರು ವರ್ಷ. ಗೊರಕೆಯ ನಡುವೆ ಉಸಿರು ನಿಂತು ನಿಂತು ಬರುವುದೂ ನಾಳಕ್ಕೆ ಪೆಟ್ಟೇ.

ನಡಿಗೆಯ ಕಥೆ ಇನ್ನೂ ಬೇಸರದ್ದು. ಕೆಲಸಕ್ಕೆ ಸೇರಿದಾಗ ದಿನಾ ತೋಟವಿಡೀ ನಡೆಯುತ್ತಿದ್ದರು. ಬೈಕ್ ಬಂತು. ಆಮೇಲೆ ಆಫೀಸಿಗೆ ಕಂಪ್ಯೂಟರ್ ಬಂತು. ಆಳುಗಳ ಜೊತೆ ಏರಿ ಇಳಿಯುವುದು ಮೇಸ್ತ್ರಿಯ ಪಾಲಾಯಿತು.

"ಬೆಳಗ್ಗೆ ಐದೂವರೆಗೆ ವಾಕಿಂಗ್ ಹೋಗಿ" ಅಂತ ಪಟ್ಟಣದವರಿಗೆ ಹೇಳುವ ಮಾತನ್ನು ಇಲ್ಲಿ ಹೇಳಬಾರದು. ಆ ಹೊತ್ತಿಗೆ ತೋಟದ ದಾರಿಯಲ್ಲಿ ಆನೆ ಇರುತ್ತದೆ. ಸಂಜೆ ಕತ್ತಲಾದ ಮೇಲೂ ಅದೇ. ಆನೆಗೆ ಸಿಕ್ಕಿ ಸತ್ತವರ ಮನೆಗೆ ಹೋಗಿ ಬಂದವರು ನಾವು. ಹಾಗಾಗಿ ಎಂಟೂವರೆಯಿಂದ ಒಂಬತ್ತೂವರೆ, ಆಳುಗಳು ಕೆಲಸಕ್ಕೆ ಇಳಿದ ಮೇಲೆ, ಬೈಕ್ ಆಫೀಸಿನಲ್ಲೇ ಬಿಟ್ಟು ತೋಟದೊಳಗೆ ನಡೆಯುವುದು ಅಂತ ಗೊತ್ತು ಮಾಡಿದೆವು. ಕೆಲಸವೂ ಆಯಿತು, ನಡಿಗೆಯೂ ಆಯಿತು. ಮಳೆ ಜೋರಿದ್ದ ದಿನ ಗೋಡೌನಿನ ಒಳಗೆ, ಮಳೆ ಬಿಟ್ಟಾಗ ಕಾಫಿ ಒಣಗಿಸುವ ಕಣದಲ್ಲಿ ಸುತ್ತು. ಕಣದ ಒಂದು ಸುತ್ತು 140 ಹೆಜ್ಜೆ ಅಂತ ಅವರೇ ಎಣಿಸಿ ಹೇಳಿದರು.

ಊಟದಲ್ಲಿ ಮೂರೇ ಬದಲಾವಣೆ ಕೇಳಿದೆ. ಕಾಫಿ ಮೂರು ಲೋಟ, ಬೆಲ್ಲ ಇಲ್ಲದೆ. ರಾತ್ರಿ ಊಟ ಎಂಟಕ್ಕೆ, ಅನ್ನ ಒಂದು ಸೌಟು, ಪಲ್ಯ ಎರಡು ಪಾಲು. ರಮ್ ನಿಲ್ಲಿಸುವುದು. ಮೊದಲ ಎರಡು ಒಂದು ತಿಂಗಳಲ್ಲಿ ಸರಿಹೋದವು. ರಮ್ ಪೂರ್ತಿ ನಿಲ್ಲಲಿಲ್ಲ, ಶನಿವಾರಕ್ಕೆ ಇಳಿಯಿತು. ಭಾನುವಾರದ ಪಂದಿಕರಿ ಹಾಗೇ ಉಳಿಯಿತು, ಮೇಲಿನ ಕೊಬ್ಬು ತೆಗೆದು, ತುಂಡು ಕಡಿಮೆ ಮಾಡಿ. ಕಾಚಂಪುಳಿ ಅನ್ನುವ ಕಪ್ಪು ಹುಳಿ ಹಾಕಿದ ಒಂದು ಬಟ್ಟಲು ಕರಿಗೆ ವಾರವಿಡೀ ಕಾಯುವವರಿಂದ ಅದನ್ನೂ ಕಿತ್ತುಕೊಂಡರೆ ಅವರು ಮತ್ತೆ ನನ್ನ ಹತ್ತಿರ ಬರುವುದೇ ಇಲ್ಲ.

ಔಷಧಿಯಲ್ಲಿ ಟೆಲ್ಮಿಸಾರ್ಟನ್ 40 ಮಿಲಿಗ್ರಾಂ ಶುರು ಮಾಡಿದೆ. ಬಿಪಿ ಜೊತೆಗೆ ಮೂತ್ರದ ಆಲ್ಬುಮಿನ್ ಸೋರಿಕೆಯನ್ನೂ ಅದು ತಗ್ಗಿಸುತ್ತದೆ. ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಮಾತ್ರೆ ಕೊಡಬೇಕು ಅಂತ ನನ್ನ ಮನಸ್ಸು. ಅವರು ಸಮಯ ಕೇಳಿದರು. ಆರು ತಿಂಗಳು ನೋಡೋಣ ಅಂತ ಒಪ್ಪಿದೆ. ತೂಕ ಇಳಿಸುವ ಇಂಜೆಕ್ಷನ್ ಬಗ್ಗೆಯೂ ಕೇಳಿದರು. ಸೆಮಾಗ್ಲುಟೈಡ್ ಒಳ್ಳೆಯ ಔಷಧಿ. ಸಕ್ಕರೆ ಕಾಯಿಲೆ ಇಲ್ಲದ, ಆದರೆ ತೂಕ ಜಾಸ್ತಿ ಇದ್ದು ಮೊದಲೇ ಹೃದಯ-ರಕ್ತನಾಳದ ರೋಗ ಇದ್ದ 17,604 ಜನರಲ್ಲಿ ಹೃದಯಾಘಾತ, ಲಕ್ವ, ಹೃದಯದ ಸಾವು ಶೇ. 20 ಇಳಿದದ್ದನ್ನು 2023ರಲ್ಲಿ ತೋರಿಸಿದ್ದಾರೆ. ಇವರಿಗೆ ಇನ್ನೂ ಅಂಥ ರೋಗ ಬಂದಿರಲಿಲ್ಲ, ನಡೆಯುವ ಕಾಲೂ ಮನಸ್ಸೂ ಇತ್ತು. ಈಗ ಬೇಡ ಅಂದೆ.

ಹತ್ತು ತಿಂಗಳ ನಂತರ

ಮೇ ತಿಂಗಳಲ್ಲಿ ಎಲ್ಲ ಪರೀಕ್ಷೆ ಮತ್ತೆ ಮಾಡಿಸಿದೆವು. ತೂಕ 76ರಿಂದ 70.5. ಬಂದವರೆಲ್ಲ "ಬರೀ ಐದೂವರೆ ಕಿಲೋನಾ?" ಅಂದರಂತೆ. ಸೊಂಟ 102ರಿಂದ 94ಕ್ಕೆ ಬಂದಿತ್ತು. ನನಗೆ ಬೇಕಿದ್ದದ್ದು ಅದು. ಬಿಪಿ ಮಾತ್ರೆ ಮೇಲೆ 126/80. ಟ್ರೈಗ್ಲಿಸರೈಡ್ 151, ಎಚ್‌ಡಿಎಲ್ 39, ಎಚ್‌ಬಿಎ1ಸಿ 5.7, ಎಸ್‌ಜಿಪಿಟಿ 36. ಸಿಆರ್‌ಪಿ 2.3. ಮೂತ್ರದ ಆಲ್ಬುಮಿನ್ 46ರಿಂದ 22.

ಇದೆಲ್ಲ ಹೊಟ್ಟೆ ಇಳಿದದ್ದರಿಂದಲೇ ಅಂತ ನಾನು ಹೇಳುವುದಿಲ್ಲ. ಬಿಪಿ ಮತ್ತು ಆಲ್ಬುಮಿನ್ ಇಳಿದದ್ದರಲ್ಲಿ ಮಾತ್ರೆಯ ಪಾಲು ದೊಡ್ಡದು. ಟ್ರೈಗ್ಲಿಸರೈಡ್, ಲಿವರಿನ ಅಂಶ ಇಳಿಯಲು ರಮ್ ಕಡಿಮೆಯಾದದ್ದೂ ಕಾರಣ. ಸಿಆರ್‌ಪಿ ವಿಷಯದಲ್ಲಿ ಮಾತ್ರ ನನಗೆ ಧೈರ್ಯ ಇದೆ, ಯಾಕೆಂದರೆ ಅದನ್ನು ಚೆನ್ನಾಗಿ ಇಳಿಸುವ ಸ್ಟಾಟಿನ್ ಇನ್ನೂ ಕೊಟ್ಟಿರಲಿಲ್ಲ. ಜಿಗಣೆ ಗಾಯ ಅಷ್ಟು ದಿನ ಮಾಯದೇ ಇದ್ದದ್ದಕ್ಕೂ ಬೊಜ್ಜೊಂದೇ ಕಾರಣ ಅನ್ನುವಂತಿಲ್ಲ. ಉಗುರಲ್ಲಿ ಕೆರೆದದ್ದು, ದಿನವಿಡೀ ಒದ್ದೆ ಗಂಬೂಟು, ಕಾಲಿನ ಊತ ಎಲ್ಲ ಸೇರಿತ್ತು. ಆದರೆ ಆ ಗಾಯ ಬಾರದಿದ್ದರೆ ಅವರೂ ಬರುತ್ತಿರಲಿಲ್ಲ.

ಎಲ್ಲ ಸರಿಹೋಗಿಲ್ಲ. ಸುಗ್ಗಿ ಹಬ್ಬ ಪುತ್ತರಿಯಿಂದ ಶುರುವಾದ ಊಟ, ಆಮೇಲೆ ಕಾಫಿ ಕೊಯ್ಲಿನ ಗಡಿಬಿಡಿ, ಮದುವೆಗಳು ಸೇರಿ ಜನವರಿಯಲ್ಲಿ ಸೊಂಟ ಮತ್ತೆ 98ಕ್ಕೆ ಏರಿತ್ತು. ಆಗ ಅವರು ಎರಡು ತಿಂಗಳು ನನ್ನ ಕಡೆ ತಲೆ ಹಾಕಲಿಲ್ಲ. ನಾಚಿಕೆಯಂತೆ. ಫೋನ್ ಮಾಡಿ ಕರೆಸಿದೆ. ಬೈದರೆ ಬಿಟ್ಟೇ ಹೋಗುತ್ತಾರೆ ಅಂತ ಗೊತ್ತಿದ್ದರಿಂದ, ಟೇಪ್ ಕೈಗೆ ಕೊಟ್ಟು ತಿಂಗಳಿಗೊಮ್ಮೆ ಮನೆಯಲ್ಲೇ ಅಳೆದು ಪುಸ್ತಕದಲ್ಲಿ ಬರೆಯಲು ಹೇಳಿದೆ. ನಿದ್ದೆಯ ಪರೀಕ್ಷೆಗೆ ಮೈಸೂರಿಗೆ ಹೋಗಿ ಅಂತ ನಾಲ್ಕು ಸಲ ಹೇಳಿದ್ದೇನೆ. ಇನ್ನೂ ಹೋಗಿಲ್ಲ. ಎಲ್‌ಡಿಎಲ್ 112ರಲ್ಲೇ ನಿಂತಿತ್ತು, ಹಾಗಾಗಿ ಮೇ ತಿಂಗಳಿಂದ ಸ್ಟಾಟಿನ್ ಶುರು ಮಾಡಿದ್ದೇನೆ. ಈ ಸಲ ಅವರು ತಕರಾರು ಮಾಡಲಿಲ್ಲ.

ಜೂನ್ ಕೊನೆಗೆ ಹೆಂಡತಿ ಮತ್ತೆ ಬಂದರು. ಗಂಡನ ಮಾತ್ರೆಗಾಗಿ ಅಂದುಕೊಂಡೆ. ಹಿಂದೆ ಮಗ ನಿಂತಿದ್ದ, ಮಂಗಳೂರಿನಲ್ಲಿ ಕಾಲೇಜು ಓದುವವನು, 19 ವರ್ಷ. "ಇವನನ್ನೂ ಒಮ್ಮೆ ಅಳೆದು ಬಿಡಿ ಡಾಕ್ಟ್ರೇ, ಮನೆಯಲ್ಲಿ ನಾನು ಅಳೆದದ್ದು ತಪ್ಪಿರಬಹುದು" ಅಂದರು.

ತಪ್ಪಿರಲಿಲ್ಲ. 93 ಸೆಂಟಿಮೀಟರ್. ಅವನ ಹೆಸರಿನಲ್ಲಿ ಹೊಸ ಫೈಲು ತೆರೆದೆ.